ಮುಗಿಯುವ ತನಕ ಕೂತವರು

ಫೋನನ್ನು ಅವರು ಮೊದಲು ಇಟ್ಟದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಆ ಕಡೆಯವರು ಇಡಬೇಕು, ಆಮೇಲೆ ಇವರು. ಆ ಕಡೆಯವರೂ ಇಂಥವರೇ ಆಗಿಬಿಟ್ಟರೆ ಮುಗಿಯಿತು. ಒಮ್ಮೆ ಗದಗಿನಿಂದ ಅವರ ಶಾಲೆಯ ಗೆಳೆಯರೊಬ್ಬರು ಫೋನ್ ಮಾಡಿದಾಗ ನಾನು ಕ್ಯಾಂಟೀನಿನಲ್ಲಿ ಎದುರಿಗೇ ಕೂತಿದ್ದೆ. "ಆತಪಾ, ಇನ್ನ ಇಡು." "ನೀ ಇಡಲೇ." "ಇಲ್ಲಪಾ, ಮಾಡಿದಾಂವ ನೀ, ನೀನ ಇಡಬೇಕು." ಹೀಗೇ ಸಾಗಿ ಸೂಪು ತಣ್ಣಗಾಯಿತು. ವಿಮೆ ಮಾರಲು ಫೋನ್ ಮಾಡಿದವನ ಮಾತನ್ನೂ ಕೊನೆಯವರೆಗೆ ಕೇಳುತ್ತಿದ್ದರು. "ಬಹಳ ಚೆನ್ನಾಗಿ ವಿವರಿಸಿದಿರಿ, ನನಗೆ ಮಾತ್ರ ಬೇಡ" ಎಂದು ಅಚ್ಚ ಜರ್ಮನ್ನಿನಲ್ಲಿ ಹೇಳಿ, ಅವನು ಇಟ್ಟ ಸದ್ದು ಕೇಳಿದ ಮೇಲೆಯೇ ಫೋನನ್ನು ಜೇಬಿಗೆ ಹಾಕುತ್ತಿದ್ದರು.

ಹೈಡೆಲ್‌ಬರ್ಗ್ ಹತ್ತಿರದ ಒಂದು ಜರ್ಮನ್ ಕಾರ್ಖಾನೆಯಲ್ಲಿ ಗೇರ್‌ಬಾಕ್ಸುಗಳ ಸದ್ದನ್ನು ಪರೀಕ್ಷಿಸುವುದು ನಮ್ಮ ಕೆಲಸ. ಅವರು ಆ ವಿಭಾಗದ ಹಿರಿಯ ಎಂಜಿನಿಯರು. ನಾನು ಮೈಸೂರಿನಿಂದ ಬಂದು ಅವರ ಕೈಕೆಳಗೆ ಸೇರಿದೆ. ಮೊದಲ ದಿನ ನನ್ನ ಹೆಸರು, ಊರು ಕೇಳಿಕೊಂಡು, ಕಿವಿಗೆ ಹಾಕುವ ದೊಡ್ಡ ಹೆಡ್‌ಫೋನ್ ಕೈಗೆ ಕೊಟ್ಟು, "ಕುಂದ್ರು ತಮ್ಮಾ. ಹಾಡಿಕಿ ಸುರು ಆಗೇತಿ" ಎಂದರು. ಹಾಡಿಕೆ ಎಂದರೆ ಗಾಜಿನ ಆಚೆ ತಿರುಗುತ್ತಿದ್ದ ಗೇರ್‌ಬಾಕ್ಸು. ಉಳಿದವರೆಲ್ಲ ಕಂಪ್ಯೂಟರಿನ ಗೆರೆ ನೋಡಿ ಪಾಸು ಫೇಲು ಬರೆದರೆ, ಇವರು ಗೆರೆಯನ್ನೂ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೊನೆಯ ಗೇರಿನವರೆಗೂ ಕೇಳುತ್ತಿದ್ದರು. ನಡುವೆಯೇ ಕೆಟ್ಟದ್ದೆಂದು ಗೊತ್ತಾದರೂ ಯಂತ್ರ ನಿಲ್ಲಿಸುತ್ತಿರಲಿಲ್ಲ. "ಕೆಟ್ಟ ಹಾಡಾಕತ್ತಾನಂತ ನಡುವ ಎದ್ದು ಹೋಗ್ತೀಯೇನು? ಮುಗಸ್ಲಿ ಪಾಪ."

ಅವರ ತಂದೆ ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರಂತೆ. ಊರಿಗೆ ಯಾವ ಗವಾಯಿಗಳು ಬಂದರೂ ಪೇಟಿ ಇವರ ಮನೆಯದೇ. ಹಾಗಾಗಿ ಪ್ರತಿ ಬೈಠಕ್ಕಿನಲ್ಲೂ ತಂದೆ ಮಗನಿಗೆ ಮುಂದಿನ ಜಮಖಾನೆಯ ಮೇಲೆ ಜಾಗ. ತಂದೆ ಹೇಳಿಕೊಟ್ಟಿದ್ದು ಒಂದೇ ಪಾಠ: ಮುಂದೆ ಕೂತವನು ಕಛೇರಿಯ ಕೊನೆಗೆ ಹಾಡುವ ಭೈರವಿ ಮುಗಿಯುವ ತನಕ ಏಳಬಾರದು. ನಿದ್ದೆ ಬರಲಿ, ಕಾಲು ಜೋಮು ಹಿಡಿಯಲಿ, ಹೊಟ್ಟೆ ಹಸಿಯಲಿ. ಹಿಂದಿನವರು ಬೇಕಾದರೆ ಬೀಡಿಗೆ ಹೋಗಿ ಬರಲಿ. ಹಾಡುವವನ ಕಣ್ಣೆದುರಿಗೆ ಇರುವವನು ಎದ್ದರೆ ಅವನ ಉಸಿರು ಕತ್ತರಿಸಿದಂತೆ.

ಈ ಪಾಠವನ್ನು ಅವರು ಎಲ್ಲಕ್ಕೂ ಅನ್ವಯಿಸಿಬಿಟ್ಟಿದ್ದರು. ವಿಶ್ವವಿದ್ಯಾಲಯದಲ್ಲಿ ಧ್ವನಿವಿಜ್ಞಾನದ ಉಪನ್ಯಾಸವೆಂದು ತಪ್ಪಾಗಿ ಪಕ್ಕದ ಹಾಲಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಜೀರುಂಡೆಗಳ ದವಡೆಯ ಬಗ್ಗೆ ಇಡೀ ಸಂಜೆ ಕೇಳಿಕೊಂಡು ಬಂದಿದ್ದರು. "ತಪ್ಪು ಕೋಣೆ ಅಂತ ಗೊತ್ತಾದ ಮೇಲೆ ಎದ್ದು ಬರಬೇಕಿತ್ತು ಸರ್" ಎಂದರೆ, "ಮುದುಕ ಪ್ರೊಫೆಸರು, ಕೇಳಾಕ ಕೂತವ್ರು ನಾಕ ಮಂದಿ. ಅದರಾಗ ನಾ ಒಬ್ಬಾಂವ ಎದ್ದರ ಅವನ ಗತಿ?" ಎಂದರು. ಕಡೆಗೆ ಪ್ರಶ್ನೆಯನ್ನೂ ಕೇಳಿದ್ದರಂತೆ. ಕಲೋನಿನಲ್ಲಿ ಕನ್ನಡ ರಾಜ್ಯೋತ್ಸವವಾದಾಗ, ಮಕ್ಕಳ ನೃತ್ಯ, ದೊಡ್ಡವರ ನಾಟಕ, ಸ್ಪಾನ್ಸರುಗಳ ಭಾಷಣ ಎಲ್ಲ ಮುಗಿದು, ಜನ ಊಟದ ಸಾಲಿಗೆ ಓಡಿದ್ದರು. ವಂದನಾರ್ಪಣೆ ಮಾಡುತ್ತಿದ್ದ ಹುಡುಗಿ ಖಾಲಿ ಕುರ್ಚಿಗಳಿಗೆ ಧನ್ಯವಾದ ಹೇಳುತ್ತಿದ್ದಳು. ಖಾಲಿ ಕುರ್ಚಿಗಳ ನಡುವೆ ಇವರು, ಇವರ ಪಕ್ಕದಲ್ಲಿ ಹೊಟ್ಟೆ ಹಸಿದು ಸಿಡಿಮಿಡಿಗೊಂಡಿದ್ದ ಅವರ ಹೆಂಡತಿ.

ಅವರನ್ನು ನಾನು ಭಾಭಿ ಎನ್ನುತ್ತಿದ್ದೆ. ಅವರಿಬ್ಬರೇ, ಮಕ್ಕಳಿರಲಿಲ್ಲ. ಭಾಭಿಯದು ಮನೆಯಲ್ಲಿ ಉರ್ದು, ನನ್ನೊಂದಿಗೆ ಗದಗಿನ ಕನ್ನಡ, ಬೇಕರಿಯವಳೊಂದಿಗೆ ಕೈಸನ್ನೆ. "ಇವರ ಜೋಡಿ ಮದುವಿಗೆ ಹೋದ್ರ, ಪೆಂಡಾಲ್ ಬಿಚ್ಚೋರ ಜೋಡಿ ಊಟ ಮಾಡಿ ಬರಬೇಕು ನೋಡು" ಎಂದು ಅವರು ದೂರಿದರೆ, ಇವರು ನಗುತ್ತ, "ಪೆಂಡಾಲ್ ಬಿಚ್ಚೋರಿಗೇ ಖರೇ ಸ್ವೀಟು ಸಿಗೂದು" ಎನ್ನುತ್ತಿದ್ದರು.

ಇಂಥವರು ನಿವೃತ್ತರಾದರು. ವಿಭಾಗದವರು ಸೇರಿ ಏನು ಕೊಡೋಣವೆಂದು ಕೇಳಿದಾಗ, ತಮಾಷೆಗೆ "ಸ್ವಿಜರ್‌ಲೆಂಡ್ ಕೊಡ್ರಿ" ಎಂದಿದ್ದರು. ಅವರು ಕೊಟ್ಟದ್ದು ಬ್ಲ್ಯಾಕ್ ಫಾರೆಸ್ಟ್ ಕಾಡುಸೀಮೆಯ ದಕ್ಷಿಣದ ಅಂಚಿನ ಒಂದು ಸ್ಪಾ ಹೋಟೆಲಿನಲ್ಲಿ ಇಬ್ಬರಿಗೆ ವಾರಾಂತ್ಯದ ಗುಟ್‌ಶೈನ್, ಅಂದರೆ ಉಡುಗೊರೆಯ ಕೂಪನ್ನು. ಹೋಟೆಲಿನ ಹೆಸರಿನಲ್ಲಿ ಸ್ವಿಜರ್‌ಲೆಂಡ್ ಇತ್ತು, ಹೋಟೆಲು ಜರ್ಮನಿಯಲ್ಲೇ ಇತ್ತು. ಆಕಾಶ ತಿಳಿಯಾಗಿದ್ದರೆ ತಾರಸಿಯಿಂದ ಸ್ವಿಸ್ ಪರ್ವತಗಳು ಕಾಣುತ್ತವೆ ಎಂದು ಕೂಪನ್ನಿನ ಮೇಲೆ ಚಿತ್ರ ಸಮೇತ ಹಾಕಿದ್ದರು.

ಭಾಭಿ ಆ ಚಿತ್ರಗಳನ್ನು ನೋಡುತ್ತ ಹೋಗಿ, ಸೌನಾ ಎಂಬ ಹಬೆಕೋಣೆಯ ಚಿತ್ರ ಬಂದೊಡನೆ ಕಾರ್ಡನ್ನು ಮೇಜಿನ ಮೇಲೆ ಕವುಚಿಟ್ಟರು. "ಗಂಡಸೂರು ಹೆಂಗಸೂರು ಕೂಡಿ ಬೆವರೂ ಜಾಗಕ್ಕ ನಾ ಬರಂಗಿಲ್ಲ. ನೀವೂ ಹೋಗಬ್ಯಾಡ್ರಿ."

"ಮಂದಿ ಪ್ರೀತಿಲೇ ಕೊಟ್ಟಾರ. ಹೋಗಲಿಲ್ಲಂದ್ರ ಹೆಂಗ?"

"ಹಂಗಾರ ಇವನ್ನ ಕರಕೊಂಡು ಹೋಗ್ರಿ" ಎಂದು ನನ್ನ ಕಡೆ ಕೈ ತೋರಿಸಿದರು. "ಹುಡುಗನೂ ಒಣಗಿ ಕಟಗಿ ಆಗ್ಯಾನ."

ಹೀಗೆ ಒಂದು ಶುಕ್ರವಾರ ನಾವಿಬ್ಬರೂ ಹೋದೆವು. ಆ ಹೋಟೆಲಿನ ಬಗ್ಗೆ ಕೆಟ್ಟದ್ದು ಹೇಳಲು ನನಗೆ ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಕೇಳಿದವರೆಲ್ಲ ಮೊದಲು ಕೇಳುವುದು ಅದನ್ನೇ: ಹೋಟೆಲಿನವರದು ತಪ್ಪೇ? ಬಾಗಿಲಲ್ಲೇ ಬಿಸಿ ಟವೆಲ್ ಕೊಟ್ಟರು. ಪುದೀನಾ ಹಾಕಿದ ನೀರು ಕೊಟ್ಟರು. ಒಳಗೆಲ್ಲ ಪೈನ್ ಮರದ ವಾಸನೆ, ಕಾಲಿಗೆ ಹತ್ತಿಯಂಥ ಚಪ್ಪಲಿ, ಸಿಬ್ಬಂದಿಯೆಲ್ಲ ಮಲಗಿದ ಮಗುವನ್ನು ಎಬ್ಬಿಸಬಾರದೆಂಬಂತೆ ಮಾತಾಡುವವರು. ಕೋಣೆಯ ಬಾಗಿಲು ತೆರೆದಾಗ ಮಾತ್ರ ಇಬ್ಬರೂ ನಿಂತಲ್ಲೇ ನಿಂತೆವು. ಅದು ದಂಪತಿಗಳ ಪ್ಯಾಕೇಜು. ಅಗಲವಾದ ಒಂದೇ ಹಾಸಿಗೆ, ಅದರ ಮೇಲೆ ಗುಲಾಬಿ ದಳಗಳಿಂದ ಮಾಡಿದ ಹೃದಯ, ಹೃದಯದೊಳಗೆ ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ಎರಡು ಟವೆಲ್ ಹಂಸಗಳು.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತಮ್ಮಾ, ನಿಮ್ಮ ಭಾಭಿಗೆ ಇದರ ಫೋಟೋ ಕಳಸಬ್ಯಾಡ."

"ಕೋಣೆ ಬದಲಿಸಿಕೊಡಿ ಅಂತ ಕೇಳ್ತೀನಿ ಸರ್."

"ಬ್ಯಾಡ ಬ್ಯಾಡ. ಪಾಪ, ಯಾವಾಕಿನೋ ಕೂತು ಒಂದೊಂದ ಎಸಳು ಜೋಡಿಸ್ಯಾಳ." ಹಂಸಗಳನ್ನು ಮುರಿಯದೆ ಒಂದೊಂದಾಗಿ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ದಳಗಳನ್ನು ಬಟ್ಟಲಿಗೆ ತುಂಬಿದರು. ನಾನು ಸೋಫಾದ ಮೇಲೆ ಮಲಗಿದೆ. ಬಕೆಟ್ಟಿನಲ್ಲಿ ಇಟ್ಟಿದ್ದ ವೈನು ಅವರು ಮುಟ್ಟುವವರಲ್ಲ. ಒಬ್ಬನೇ ಕುಡಿಯಲು ನನಗೆ ಮನಸ್ಸಾಗಲಿಲ್ಲ.

ಭಾಭಿಯಿಂದ ಆಗಾಗ ಫೋನ್. ಅವರು ಸ್ಪೀಕರಿಗೆ ಹಾಕುತ್ತಿದ್ದರು. "ಏನ್ರೀ, ಹೆಂಗ ನಡದೈತಿ ಇಬ್ಬರದೂ ಹನಿಮೂನು?" "ಭಾಳ ಛಲೋ. ಇವ ಗೊರಕಿ ಹೊಡೀತಾನ. ನೀನ ವಾಸಿ." ಶನಿವಾರ ಬೆಳಿಗ್ಗೆ ಮೋಡ ಸರಿದು, ತಾರಸಿಯಿಂದ ನಿಜವಾಗಿಯೂ ಪರ್ವತಗಳು ಕಂಡವು. ಬಿಳಿಯ ಒಂದು ಗೆರೆ, ಅಷ್ಟೇ. ಬಾತ್‌ರೋಬ್ ತೊಟ್ಟು, ಕೈಯಲ್ಲಿ ಚಹಾ ಹಿಡಿದು, ಅವರು ಅದನ್ನು ಬಹಳ ಹೊತ್ತು ನೋಡಿದರು. "ನಿವೃತ್ತಿ ಆದ ಮ್ಯಾಲೆ ಏನು ಮಾಡ್ತೀರಂತ ಕೇಳ್ತಿದ್ದಿಯಲ್ಲ. ಧಾರವಾಡದಾಗ ಒಂದ ಮನಿ ಬಾಡಿಗಿ ಹಿಡದು, ಎಲ್ಲಿ ಹಾಡಿಕಿ ಆದ್ರೂ ಹೋಗಿ ಕುಂದ್ರೂದು. ಗೇರ್‌ಬಾಕ್ಸ್ ಸಾಕಾತು. ಇನ್ನ ಮನಿಶ್ಯಾರದು ಕೇಳೂಣು."

ಆ ದಿನ ಮಧ್ಯಾಹ್ನ ಔಫ್‌ಗುಸ್ ಇತ್ತು. ಹೆಸರು ದೊಡ್ಡದು, ವಿಷಯ ಇಷ್ಟೇ: ಸೌನಾದಲ್ಲಿ ಕಾದ ಕಲ್ಲುಗಳ ಮೇಲೆ ಸುಗಂಧದ ನೀರು ಸುರಿದು, ಮೇಲೇಳುವ ಬಿಸಿ ಹಬೆಯನ್ನು ದೊಡ್ಡ ಟವೆಲಿನಿಂದ ಕೂತವರ ಕಡೆ ಬೀಸುವುದು. ಮೂರು ಸುತ್ತು. ಸುತ್ತು ನಡೆಯುವಾಗ ಬಾಗಿಲು ಮುಚ್ಚಿರುತ್ತದೆ, ಯಾರೂ ಮಾತಾಡುವುದಿಲ್ಲ, ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಕೂಪನ್ನಿನಲ್ಲಿ ಅದೂ ಸೇರಿತ್ತು. ಬಟ್ಟೆಯಿಲ್ಲದೆ ಕೂರಬೇಕಾದೀತೆಂದು ಅವರಿಗೆ ಅಳುಕಿತ್ತು. ನಾನು ಹೋಗಿ ಸಿಬ್ಬಂದಿಯನ್ನು ಕೇಳಿದಾಗ, ದೊಡ್ಡ ಹತ್ತಿಯ ವಸ್ತ್ರ ಸುತ್ತಿಕೊಂಡು ಕೂತರೆ ಯಾರ ಅಡ್ಡಿಯೂ ಇಲ್ಲ, ಎಷ್ಟೋ ಜನ ಹಾಗೇ ಕೂರುತ್ತಾರೆ ಎಂದರು. ಸರ್ ಅದನ್ನು ಲುಂಗಿಯಂತೆ ಉಟ್ಟು ಗಂಟು ಹಾಕಿದ ರೀತಿ ನೋಡಿ, ತನ್ನ ವಸ್ತ್ರ ಮತ್ತೆ ಮತ್ತೆ ಜಾರಿಸಿಕೊಳ್ಳುತ್ತಿದ್ದ ಒಬ್ಬ ಮುದುಕ ಹೇಳಿಕೊಡಿ ಎಂದು ಕೇಳಿದ. ಹೇಳಿಕೊಟ್ಟರು. ಅಷ್ಟರಲ್ಲಿ ಟವೆಲ್ ಬೀಸುವವರೂ ಬಂದರು. ಐವತ್ತರ ಆಸುಪಾಸಿನ ಎತ್ತರದ ಆಳು, ನೆರೆತ ಗಡ್ಡ, ಸೊಂಟಕ್ಕೆ ಕಪ್ಪು ವಸ್ತ್ರ. "ನೋಡು, ಇವನೂ ಲುಂಗಿ ಉಟ್ಟಾನ. ನಮ್ಮ ಮಂದೀನ ಇವ" ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು.

ಒಳಗೆ ಮರದ ಮೆಟ್ಟಿಲುಗಳಂತೆ ಆಸನಗಳು. ಇವರು ಅಭ್ಯಾಸದಂತೆ ಮುಂದಿನ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಕೂರಲು ಹೋದರು. ಟವೆಲಿನವರ ಕೈಯಲ್ಲಿದ್ದ ಚೀಟಿಯಲ್ಲಿ ನಿವೃತ್ತಿಯ ಉಡುಗೊರೆ ಎಂದು ಇತ್ತೇನೋ, ಅವರು ಜೋರಾಗಿ, "ಇಂದು ನಮ್ಮ ನಡುವೆ ಹೊಸದಾಗಿ ನಿವೃತ್ತರಾದವರೊಬ್ಬರಿದ್ದಾರೆ" ಎಂದು ಸಾರಿದರು. ಎಲ್ಲರೂ ಓ ಎಂದರು. ಮೇಲಿನ ಸಾಲಿನ ನಡುವಿನಲ್ಲಿ ಕೂತಿದ್ದ ಹೆಂಗಸು ತಾನಾಗಿ ಸರಿದು, ಇಲ್ಲಿ ಬನ್ನಿ, ಇಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ ಎಂದು ಕರೆದಳು. ಅದು ಗೌರವದ ಜಾಗ. ಎಲ್ಲಕ್ಕಿಂತ ಬಿಸಿಯ ಜಾಗವೂ ಅದೇ. ಕರೆದಾಗ ಹೋಗದಿರುವ ಮನುಷ್ಯರಲ್ಲ ಅವರು. ಹತ್ತಿ ಹೋಗಿ ಕೂತರು. ನಾನು ಕೆಳಗಿನ ಮೆಟ್ಟಿಲಲ್ಲೇ ಉಳಿದೆ.

"ಯಾರಿಗಾದರೂ ಆಗದಿದ್ದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಸಂಕೋಚ ಬೇಡ" ಎಂದು ಟವೆಲಿನವರು ಜರ್ಮನ್ನಿನಲ್ಲಿ ಹೇಳಿದರು. ನಮ್ಮ ಕಡೆ ನೋಡಿ ಇಂಗ್ಲಿಷಿನಲ್ಲೂ ಹೇಳಿದರು. ಅವರು ಹೇಳಿದ್ದು ನಿಜ. ನಾನು ಸಾಕ್ಷಿ.

ಮೊದಲ ಸುತ್ತಿನಲ್ಲೇ ನನಗೆ ಗೊತ್ತಾಯಿತು, ಆ ಮನುಷ್ಯ ಬರೀ ಟವೆಲ್ ಬೀಸುವವನಲ್ಲ ಎಂದು. ಮೂಲೆಯ ಸ್ಪೀಕರಿನಿಂದ ನಿಧಾನವಾಗಿ ಒಂದು ಚೆಲ್ಲೊ ವಾದ್ಯದ ನಾದ. ಆ ಲಯಕ್ಕೆ ಟವೆಲ್ ತಲೆಯ ಮೇಲೆ ಒಮ್ಮೆ ಸುತ್ತಿ, ಬಾವುಟದಂತೆ ಬಿಚ್ಚಿ, ನೆಲದ ಹತ್ತಿರ ಬಂದು, ಮತ್ತೆ ಮೇಲೇರಿ ಒಂದೇ ಏಟಿಗೆ ನಿಲ್ಲುತ್ತಿತ್ತು. ನಿಂತ ಒಂದು ಕ್ಷಣದ ನಂತರ ಬಿಸಿ ಬಂದು ಮುಖಕ್ಕೆ ತಾಗುತ್ತಿತ್ತು. ಮೊದಲ ಸಲ ಆ ನಿಲುಗಡೆ ಬಂದಾಗ, ಮೇಲಿನಿಂದ ಮೆಲ್ಲಗೆ "ವಾಹ್" ಎಂದು ಕೇಳಿಸಿತು.

ತಿರುಗಿ ನೋಡಿದೆ. ಅವರು ಬೆನ್ನು ನೆಟ್ಟಗೆ ಮಾಡಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಗೇರ್‌ಬಾಕ್ಸಿನ ಮುಂದೆ ಆ ಮುಖವನ್ನು ನಾನು ಕಂಡಿರಲಿಲ್ಲ. ಟವೆಲಿನವರಿಗೂ ಕೇಳಿಸಿತ್ತು. ಅವರ ಗಡ್ಡದೊಳಗೆ ಒಂದು ನಗು ಬಂತು. ಉಳಿದವರೆಲ್ಲ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಬಿಸಿಯನ್ನು ಹೇಗೋ ಸಹಿಸುತ್ತ ಕೂತಿದ್ದಾಗ, ಒಬ್ಬರು ಮಾತ್ರ ತಲೆಯೆತ್ತಿ ಟವೆಲ್ ಬೀಸುವ ಕೈಯನ್ನೇ ನೋಡುತ್ತಿದ್ದಾರೆ. ಮುಂದಿನ ಬೀಸಿನಲ್ಲಿ ಅವರು ಒಂದು ಸುತ್ತು ಹೆಚ್ಚು ಸುತ್ತಿ ನೇರವಾಗಿ ಮೇಲಿನ ಸಾಲಿನ ನಡುವಿಗೆ ಕಳಿಸಿದರು. ಇವರು ತಲೆದೂಗಿದರು. ಅವರು ಇನ್ನೊಂದು ಕಳಿಸಿದರು.

ನನ್ನ ತಲೆಯಲ್ಲಿ ಈಗಲೂ ಓಡುವುದು ಇದೇ. ಒಬ್ಬರು ಕೊಟ್ಟಷ್ಟೂ ಇನ್ನೊಬ್ಬರು ತಲೆದೂಗಿದರು. ತಲೆದೂಗಿದಷ್ಟೂ ಅವರು ಕೊಟ್ಟರು. ಎಲ್ಲಿ ನಿಲ್ಲಿಸಬೇಕಿತ್ತೆಂದು ಹುಡುಕುತ್ತೇನೆ. ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ಹಲ್ಲುಜ್ಜುವಾಗ. ಒಂದೊಂದು ದಿನ ಒಂದೊಂದು ಕಡೆ ನಿಲ್ಲಿಸುತ್ತೇನೆ, ಯಾವ ಕಡೆ ನಿಲ್ಲಿಸಿದರೂ ಆ ಮುಖ ಅಷ್ಟೇ ಸಂತೋಷದಲ್ಲಿರುತ್ತದೆ. ಈಚೆಗೆ ಯಾವ ಕೋಣೆಗೆ ಹೋದರೂ ಬಾಗಿಲ ಪಕ್ಕದಲ್ಲೇ ಕೂರುತ್ತೇನೆ. ಕಿಟಕಿ ಮುಚ್ಚಿದರೆ ಎದ್ದು ಬರುತ್ತೇನೆ.

ಎರಡನೆಯ ಸುತ್ತು ಮುಗಿದಾಗ ಬಾಗಿಲು ತೆರೆದು ಒಂದಿಷ್ಟು ತಂಗಾಳಿ ಬಿಟ್ಟರು. ಕೆಲವರು ಎದ್ದು ಹೊರಗೆ ಹೋದರು. ನನಗೆ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ನಾನೂ ಎದ್ದು, ಅವರ ಕಡೆ ಕೈ ಬೀಸಿದೆ. ಅವರು ಅಂಗೈ ತೋರಿಸಿದರು, ತಡೆ ಎಂಬಂತೆ. ಎರಡು ಮೆಟ್ಟಿಲು ಹತ್ತಿ ಅವರ ಪಾದ ಹಿಡಿದು ಅಲ್ಲಾಡಿಸಿದೆ.

"ಸರ್, ಸಾಕು, ಬನ್ನಿ. ನನಗೇ ತಲೆ ತಿರುಗ್ತಿದೆ."

"ನೀ ಹೊರಗ ಗಾಳಿಗೆ ನಿಂದ್ರು ತಮ್ಮಾ. ಇನ್ನೊಂದ ಉಳದೈತಿ, ಮುಗಿಸಿ ಬರ್ತೀನಿ."

"ಬೇಡ ಸರ್. ಆಮೇಲೆ ಇನ್ನೊಂದು ಸಲ ಬರೋಣ."

"ಹುಚ್ಚಪ್ಪ, ಇನ್ನೂ ಭೈರವಿ ಆಗಿಲ್ಲ" ಎಂದು ಬಾಗಿ ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರು. ಯಾರೋ ಶ್ ಎಂದರು. ಅವರ ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಮಾತು ತೊದಲಲಿಲ್ಲ. ಆದರೆ ಅವರ ಪಾದ ಒಣಗಿತ್ತು. ಎಲ್ಲರ ಮೈಯಿಂದಲೂ ನೀರು ಹರಿಯುತ್ತಿದ್ದ ಆ ಕೋಣೆಯಲ್ಲಿ ನನ್ನ ಕೈಗೆ ಸಿಕ್ಕ ಪಾದ ಇಸ್ತ್ರಿ ಮಾಡಿದ ಬಟ್ಟೆಯಂತೆ ಬಿಸಿಯಾಗಿ, ಒಣಗಿತ್ತು. ಮೈ ಬೆವರುವುದನ್ನು ನಿಲ್ಲಿಸಿದರೆ ಅದರ ಅರ್ಥವೇನೆಂದು ನನಗೆ ಡಾಕ್ಟರು ಹೇಳಿದ್ದು ಮರುದಿನ. ಬಾಗಿಲು ಮುಚ್ಚಿತು. ಅವರನ್ನು ಬಿಟ್ಟು ಹೊರಗೆ ಹೋಗಲು ನನಗೆ ಆಗಲಿಲ್ಲ. ಮತ್ತೆ ಕೆಳಗೆ ಬಂದು ಕೂತೆ.

ಮೂರನೆಯ ಸುತ್ತಿನಲ್ಲಿ ನಾನು ಟವೆಲನ್ನು ನೋಡಲಿಲ್ಲ. ತಿರುಗಿ ಕೂತು ಅವರನ್ನೇ ನೋಡುತ್ತಿದ್ದೆ. ಕಣ್ಣುಗಳು ತೆರೆದಿದ್ದವು. ನಗು ಇತ್ತು. ಕೈ ತಾಳ ಹಾಕುತ್ತಿತ್ತು, ಆಮೇಲೆ ಹಾಕಲಿಲ್ಲ. ಸಂಗೀತವೂ ಆಗ ಬಹಳ ನಿಧಾನವಾಗಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ಟವೆಲ್ ಕೊನೆಯ ಸಲ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಸಭೆಯಲ್ಲೂ ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸುವವರ ಕೈಗಳು ತೊಡೆಯ ಮೇಲೇ ಇದ್ದವು. ಟವೆಲಿನವರು ಅವರ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಉತ್ತರವಾಗಿ ಇವರೂ ತಲೆ ಬಾಗಿಸಿದರು ಎಂದೇ ಎಲ್ಲರೂ ತಿಳಿದೆವು. ತಲೆ ಮತ್ತೆ ಮೇಲೇಳಲಿಲ್ಲ.

ಟವೆಲಿನವರೇ ಮೊದಲು ಹಾರಿ ಮೇಲೆ ಹತ್ತಿದರು. ತೋಳುಗಳ ಕೆಳಗೆ ಅವರು ಹಿಡಿದರು, ಕಾಲು ನಾನು ಹಿಡಿದೆ. ಹೊರಗಿನ ತಣ್ಣಗಿನ ನೆಲದ ಮೇಲೆ ಮಲಗಿಸಿದೆವು. ತಣ್ಣೀರು ಹೊಯ್ದರು. ಟವೆಲಿನವರು ಮೊಣಕಾಲೂರಿ ಎದೆ ಒತ್ತತೊಡಗಿದರು, ಒತ್ತುತ್ತ ಒತ್ತುತ್ತ ಎಣಿಸುತ್ತಿದ್ದರು, ಎಣಿಕೆ ನಡುವೆ ಅಳುತ್ತಿದ್ದರು. ಯಾರೋ ಗೋಡೆಯ ಮೇಲಿದ್ದ, ಹೃದಯಕ್ಕೆ ಶಾಕ್ ಕೊಡುವ ಯಂತ್ರ ತಂದು ಎದೆಗೆ ಅಂಟಿಸಿದರು. ಅದು ಜರ್ಮನ್ನಿನಲ್ಲಿ ಶಾಂತವಾಗಿ ಮಾತಾಡಿತು: ದೂರ ಸರಿಯಿರಿ. ಈಗ ಒತ್ತಿರಿ. ನನಗೆ ಕೊಟ್ಟ ಕೆಲಸ ಸರ್ ಅವರ ಕನ್ನಡಕ ಹಿಡಿದುಕೊಳ್ಳುವುದು. ತುರ್ತು ನಂಬರಿನವರು ಫೋನಿನಲ್ಲಿ ಏನೋ ಕೇಳುತ್ತಿದ್ದರು, ಎಷ್ಟೋ ವರ್ಷ ಆಡಿದ ಜರ್ಮನ್ನಿನ ಒಂದು ಪದವೂ ನನ್ನ ಬಾಯಿಗೆ ಬರಲಿಲ್ಲ. ಫೋನನ್ನು ಪಕ್ಕದ ಹೆಂಗಸು ಕಿತ್ತುಕೊಂಡಳು. ಮೇಲೆ ಎಲ್ಲೋ ಸ್ಪೀಕರಿನಲ್ಲಿ ಸಮುದ್ರದ ಅಲೆಗಳು ಬರುತ್ತಲೇ ಇದ್ದವು.

ಆಂಬುಲೆನ್ಸಿನವರು ಬಂದ ಮೇಲೆ ನಾಡಿ ಸಿಕ್ಕಿತು. ಹೋಟೆಲಿನ ಹೆಂಗಸು ನನ್ನ ಭುಜ ಹಿಡಿದು, "ನೀವು ಅವರ ಸಂಗಾತಿಯಲ್ಲವೇ?" ಎಂದಳು. ಕೋಣೆ ಅವಳಿಗೆ ಹಾಗೆ ಹೇಳಿತ್ತು. "ಇಲ್ಲ, ಸಹೋದ್ಯೋಗಿ" ಎಂದೆ. ಆಸ್ಪತ್ರೆಯಲ್ಲಿ, ಕುಟುಂಬದವರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದಾಗ "ತಮ್ಮ" ಎಂದೆ. ನರ್ಸು ಇಬ್ಬರ ಹೆಸರನ್ನೂ ನೋಡಿದಳು, ಒಂದು ಇಸ್ಲಾಮಿನದು, ಒಂದು ಹಿಂದೂಗಳದು. ಅವಳಿಗೆ ಏನು ಅರ್ಥವಾಯಿತೋ, ಬಾಗಿಲು ತೆರೆದಳು.

ಭಾಭಿಗೆ ಫೋನ್ ಮಾಡಬೇಕಿತ್ತು. ನಾನು ಮಾಡುವ ಮೊದಲೇ ಅವರದೇ ಬಂತು, ಸರ್ ಅವರ ಬಾತ್‌ರೋಬಿನ ಜೇಬಿನಿಂದ ನಾನು ತೆಗೆದಿಟ್ಟುಕೊಂಡಿದ್ದ ಫೋನಿಗೆ. ಎತ್ತಿದೆ. "ಏನ್ರೀ, ಬೆವತ್ರೇನು ಚಂದಂಗೆ?" ಎಂದು ನಗು. ನಾನು ಹಲೋ ಎಂದೆ. "ಅವರೆಲ್ಲಿ?" ಎಂದರು. ಹೇಳಿದೆ. "ಬರ್ತೀನಿ" ಎಂದರು.

ಭಾನುವಾರ ಬೆಳಿಗ್ಗೆ ರೈಲು ಬದಲಿಸಿ ಬದಲಿಸಿ ಒಬ್ಬರೇ ಬಂದರು. ಆ ದೇಶದಲ್ಲಿ ಒಬ್ಬರೇ ಅಷ್ಟು ದೂರ ಹೋದದ್ದು ಅದೇ ಮೊದಲಂತೆ. ಗಾಜಿನ ಆಚೆ ಅವರು ಮಲಗಿದ್ದರು, ಯಂತ್ರ ಅವರಿಗಾಗಿ ಉಸಿರಾಡುತ್ತಿತ್ತು. ಭಾಭಿ ಒಳಗೆ ಹೋಗಿ ಕೈ ಹಿಡಿದು ಕೂತು, ಕಿವಿಯಲ್ಲಿ ಓದಬೇಕಾದ್ದನ್ನು ಓದಿದರು. ಮಧ್ಯಾಹ್ನಕ್ಕೆ ಮುಂಚೆ ಡಾಕ್ಟರು ಹೊರಗೆ ಬಂದು ಹೇಳಿದರು. ಹೃದಯ ಎರಡನೆಯ ಸಲ ನಿಂತಿತ್ತು, ಮತ್ತೆ ಶುರುವಾಗಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿ ಭಾಭಿಗೆ ಹೇಳಬೇಕಿತ್ತು. ಅಂಥದೊಂದು ವಾಕ್ಯವನ್ನು ಅದಕ್ಕೂ ಮೊದಲು ನಾನು ಯಾವ ಭಾಷೆಯಲ್ಲೂ ಹೇಳಿರಲಿಲ್ಲ. ಅವರು ನನ್ನ ಮುಖ ನೋಡಿಯೇ, "ಬಿಡು, ತಿಳೀತು" ಎಂದರು.

ಕಾರಿಡಾರಿನಲ್ಲಿ ಕೂತೆವು. ಭಾಭಿ ನನ್ನ ಕಡೆ ತಿರುಗಿದರು.

"ನೀ ಎಬ್ಬಿಸಿಕೊಂಡು ಬರಬೇಕಿತ್ತು."

"ಎಬ್ಬಿಸಿದೆ ಭಾಭಿ. ಕಾಲು ಹಿಡಿದು ಅಲ್ಲಾಡಿಸಿದೆ. ಬರಲಿಲ್ಲ."

"ಗೊತ್ತೈತಿ" ಎಂದರು. "ಲಗ್ನ ಆದಾಗಿಂದ ನಾನೂ ಎಬ್ಬಿಸಕೋತನ ಬಂದೀನಿ. ಒಂದಿನ ಎದ್ದಾರೇನು?"

ಲಿಫ್ಟಿನ ಬಾಗಿಲು ತೆರೆದು ಹೋಟೆಲಿನ ಬಟ್ಟೆಯ ಚೀಲ ಹಿಡಿದುಕೊಂಡು ಆ ಟವೆಲಿನವರು ಬಂದರು. ಮಾಮೂಲಿ ಪ್ಯಾಂಟು ಸ್ವೆಟರಿನಲ್ಲಿ ನನಗೆ ತಕ್ಷಣ ಗುರುತಾಗಲಿಲ್ಲ. ನಮ್ಮ ಬಟ್ಟೆ, ಬೂಟು ತಂದಿದ್ದರು. ಕೆಳಗೆ ಸ್ವಾಗತದಲ್ಲಿದ್ದವರು ವಿಷಯ ಹೇಳಿದ್ದಿರಬೇಕು. ಚೀಲವನ್ನು ನನ್ನ ಪಕ್ಕದಲ್ಲಿಟ್ಟು, ಹೋಗಲೂ ತಿಳಿಯದೆ, ಇರಲೂ ತಿಳಿಯದೆ ನಿಂತರು.

"ಇವರ್ಯಾರು?" ಎಂದರು ಭಾಭಿ.

"ಅಲ್ಲಿ... ಟವೆಲ್ ಬೀಸಿದವರು."

ಭಾಭಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಏನೋ ಆಗುತ್ತದೆಂದು ಎದ್ದು ನಿಂತೆ. "ಕುಂದ್ರು ಅನ್ನು ಅವಂಗ" ಎಂದರು. ನಾನು ಹೇಳುವ ಮೊದಲೇ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೋಟನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಆ ದೊಡ್ಡ ಮನುಷ್ಯ ಕುರ್ಚಿಯ ತುದಿಯಲ್ಲಿ ಕೂತರು.

"ಏನು ಮಾಡಿ ತೋರಿಸಿದಿ ಅಂತ ಕೇಳು. ಏನರ ಇರಬೇಕಲ್ಲ, ಅವರು ಏಳದಂಗ ಕೂತದ್ದು."

ಕೇಳಿದೆ. ಅವರ ಎರಡೂ ಕೈಗಳು ಮೊಣಕಾಲಿನ ಮೇಲಿನಿಂದ ಎದ್ದವು, ಬೆರಳುಗಳು ಇಲ್ಲದ ಟವೆಲಿನ ಅಂಚನ್ನು ಹಿಡಿದವು, ಅರ್ಧಕ್ಕೇ ಕೆಳಗಿಳಿದವು.

"ವಿಶೇಷ ಏನೂ ಇಲ್ಲ" ಎಂದರು, ತಮ್ಮ ಭಾಷೆಯಲ್ಲಿ, ಯಾರಿಗೂ ಕೇಳದಷ್ಟು ಮೆಲ್ಲಗೆ.

ಹಾಗೇ ತಿರುಗಿಸಿ ಹೇಳಿದೆ.

ಭಾಭಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಹಂಗಾರ ಅವಂಗ ಹೇಳು. ವಿಶೇಷ ಇರಲಿ, ಬಿಡಲಿ, ಕೂತ ಮ್ಯಾಲೆ ಏಳೂ ಮನಿಶ್ಯಾ ಅಲ್ಲ ಅವರು. ಯಾರು ಬೀಸಿದ್ರೂ ಕೂತಿರತಿದ್ರು. ನಿಂದೇನೂ ತಪ್ಪಿಲ್ಲ ಅಂತ ಹೇಳು."

ನಾನು ಆ ಮುಖ ನೋಡಿದ್ದೆ. ಜೀರುಂಡೆಯ ದವಡೆ ಕೇಳಲು ಕೂತ ಹಾಗೆ, ಖಾಲಿ ಕುರ್ಚಿಗಳ ನಡುವೆ ಕೂತ ಹಾಗೆ ಆ ಮಧ್ಯಾಹ್ನ ಅವರು ಕೂತಿರಲಿಲ್ಲ. ಅವರಿಗೆ ಏಳಲು ಮನಸ್ಸಿರಲಿಲ್ಲ. ಈ ಮನುಷ್ಯನ ಕೈಯಲ್ಲಿ ಏನೋ ಇತ್ತು, ಅದು ಮುಗಿಯುವುದೇ ಅವರಿಗೆ ಬೇಕಿರಲಿಲ್ಲ. ಅದನ್ನು ಆ ಇಬ್ಬರಲ್ಲಿ ಯಾರಿಗೆ ಹೇಳಲಿ?

ಭಾಭಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಜರ್ಮನ್ನಿಗೆ ತಿರುಗಿಸಿದೆ. ಈ ಸಲ ಪದಗಳೆಲ್ಲ ಸರಿಯಾಗಿ ಬಂದವು. ಅವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

"ಏನಂದಾ?" ಎಂದರು ಭಾಭಿ.

"ಏನೂ ಅನ್ನಲಿಲ್ಲ" ಎಂದೆ.